ಹೌದು, ವಿಳಾಸ ಇದೇ

ಮಹಾದೇವೀ, ಆ ವಿಳಾಸ ತಪ್ಪಾಗಿತ್ತು. ತಪ್ಪೆಂದು ನನಗೆ ಗೊತ್ತಿತ್ತು. ನೀನು ಪರದೆಯ ಮೇಲೆ ಬೆರಳಿಟ್ಟು ಕೇಳಿದಾಗ ನಾನು ಬಗ್ಗಿ ನೋಡಿ, ಪೂರ್ತಿ ಓದಿ, ತಪ್ಪು ಎಲ್ಲಿದೆ ಎಂದು ತಿಳಿದುಕೊಂಡು — ಆಮೇಲೆ "ಹೌದು, ಇದೇ" ಎಂದೆ. ಅದು ಕಣ್ತಪ್ಪಲ್ಲ. ಮರೆವೂ ಅಲ್ಲ. ಬೇಕೆಂದೇ ಹೇಳಿದ ಸುಳ್ಳು.

ಇದನ್ನು ಇಂಗ್ಲಿಷಿನಲ್ಲಿ ಬರೆಯಲು ಮೊದಲು ಕುಳಿತಿದ್ದೆ. ನಮ್ಮ ಆಫೀಸಿನ ಇಂಗ್ಲಿಷು ಬಹಳ ಅನುಕೂಲದ್ದು. ಅದರಲ್ಲಿ ತಪ್ಪು ಮಾಡಿದವರು ಯಾರೂ ಇರುವುದಿಲ್ಲ, ತಪ್ಪುಗಳು ತಾವಾಗಿಯೇ ಆಗಿಬಿಟ್ಟಿರುತ್ತವೆ. ಅರ್ಧ ಪುಟ ಬರೆದು ಅಳಿಸಿದೆ. ಆಫೀಸಿನ ಮಹಡಿಯ ತುಂಬ ಜನರಿದ್ದರೂ ನಮ್ಮಿಬ್ಬರ ನಡುವೆ ಇದ್ದದ್ದು ಕನ್ನಡ. ಸುಳ್ಳು ಹೇಳಿದ್ದೂ ಕನ್ನಡದಲ್ಲೇ. ಇನ್ನೊಬ್ಬಳೂ ಇದನ್ನು ಕೇಳಬೇಕೆಂದು ನನ್ನ ಆಸೆ — ಯಾರೆಂದು ಕೊನೆಗೆ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೇ ಅಲ್ಲಲ್ಲಿ ಬಿಡಿಸಿ ಹೇಳುವುದು ಅವಳಿಗಾಗಿ.

ಪವಾಯಿಯ ನಮ್ಮ ಬ್ಯಾಂಕಿನ ತಾಂತ್ರಿಕ ವಿಭಾಗಕ್ಕೆ ನೀನು ಗುತ್ತಿಗೆಯ ಮೇಲೆ ಬಂದ ಮೊದಲ ದಿನ ಲಿಫ್ಟಿನ ಎದುರು ಫೋನಿನಲ್ಲಿ ಮಾತಾಡುತ್ತಿದ್ದೆ: "ಊಟಾ ಮಾಡ್ಯಾಳೇನು? ಅಳಾಕ್ಹತ್ತಿದ್ರ ಫೋನ್ ಕೊಡು." ನಾನು ತಿರುಗಿ "ಕನ್ನಡದವರಾ?" ಎಂದೆ. ನೀನು ಫೋನನ್ನೂ ಮರೆತು ನನ್ನ ಎರಡೂ ಕೈ ಹಿಡಿದುಕೊಂಡೆ. ಆ ಗಳಿಗೆಯಿಂದ ನಾನು ನಿನಗೆ ಅಕ್ಕ. ನಿನ್ನ ಅಪ್ಪ ವಿಜಯಪುರದ ಕಡೆಯಿಂದ ಬಂದ ಗೌಂಡಿ. ಬೊರಿವಲಿಯ ಅರ್ಧ ಗೋಡೆಗಳನ್ನು ತಾನೇ ಕಟ್ಟಿದ್ದು ಎಂದು ಹೇಳಿಕೊಳ್ಳುತ್ತಿದ್ದವರು. ನೀನು ಚಾಳಿನಲ್ಲಿ ಬೆಳೆದು, ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿ, ಆಮೇಲೆ ಇಂಗ್ಲಿಷಿನೊಡನೆ ಗುದ್ದಾಡಿ ಡಿಪ್ಲೊಮಾ ಮಾಡಿದವಳು. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟು, ಅವಳು ಶಾಲೆಗೆ ಹೋಗುವಷ್ಟಾದ ಮೇಲೆ ಮತ್ತೆ ಧೈರ್ಯ ಮಾಡಿ ಬಂದವಳು. ನಾನು ಗ್ರಾಂಟ್ ರೋಡಿನ ಹೋಟೆಲೊಂದರ ಮ್ಯಾನೇಜರನ ಮಗಳು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಹೋಮ್‌ವರ್ಕ್ ಮಾಡಿದವಳು, ಕಾನ್ವೆಂಟಿಗೆ ಹೋದವಳು, ಮದುವೆಯಾಗಿ ಮುಲುಂಡಿನ ವಸತಿ ಸೊಸೈಟಿಯೊಂದಕ್ಕೆ ಬಂದು ಸುಖವಾಗಿದ್ದವಳು. ನಿನ್ನ ಕಷ್ಟದ ಕಾಲುಭಾಗವನ್ನೂ ನಾನು ಪಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ನನ್ನ ಹೆದರಿಕೆಯ ಬಗ್ಗೆ ಬರೆಯುವಾಗ ಅದು ದೊಡ್ಡದಾಗಿ ಕಾಣಬಾರದು.

ನನ್ನ ತಂಡದ ಕೆಲಸ ಒಂದೊಂದು ಸರ್ವರ್ ಯಂತ್ರಕ್ಕೂ ಕೈಯಾರೆ ತಂತ್ರಾಂಶ ಹಾಕುವುದು. ಒಂದರಲ್ಲಿ ನಡೆದದ್ದು ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಒಂದೊಂದಕ್ಕೂ ಒಂದೊಂದು ಕೊಂಕು. ಆ ಕೊಂಕುಗಳೇ ನಮ್ಮ ಅನ್ನ. ನೀನು ತಂದದ್ದು ಕಂಟೇನರ್ ಪದ್ಧತಿ. ಅದೇನೆಂದು ನಾನು ಕೇಳಿದಾಗ ನೀನು ಊಟದ ಮೇಜಿನ ಮೇಲೆಯೇ ವಿವರಿಸಿದ್ದೆ: "ಡಬ್ಬಿ ಇದ್ದಾಂಗ್ರೀ ಅಕ್ಕಾ. ರೊಟ್ಟಿ, ಪಲ್ಯಾ, ಚಟ್ನಿ, ಚಮಚಾ ಸುದ್ದಾ ಒಳಗ. ಎಲ್ಲಿ ಕೂತು ತಗದ್ರೂ ಅದಽ ಊಟ." ಅಷ್ಟು ಸಲೀಸಾಗಿ ನಮಗೆ ಯಾವ ತರಬೇತಿಯಲ್ಲೂ ಯಾರೂ ಹೇಳಿರಲಿಲ್ಲ. ನಾನು ನಕ್ಕೆ, ನಿನ್ನ ಶೇಂಗಾ ಚಟ್ನಿ ಬಡಿಸಿಕೊಂಡೆ. ಇದು ನಡೆದರೆ ನಮ್ಮ ಕೊಂಕುಗಳಿಗೆ ಬೆಲೆಯಿಲ್ಲ ಎಂದು ಆಗಲೇ ಹೊಳೆಯಿತು.

ನಮ್ಮ ಮ್ಯಾನೇಜರ್ ಮೆಹ್ತಾ ಮೀಟಿಂಗಿನಲ್ಲಿ ಎಲ್ಲರೆದುರು ತಮಾಷೆ ಮಾಡಿದ: "ಸುಜಾತಾ ಜೀ, ಯೇ ಚಲ್ ಗಯಾ ತೋ ಆಪ್ ಕೀ ಟೀಮ್ ಕೋ ಆರಾಮ್ ಹೀ ಆರಾಮ್!" ಇದು ನಡೆದರೆ ನಮ್ಮ ತಂಡಕ್ಕೆ ಬರೀ ವಿಶ್ರಾಂತಿಯಂತೆ. ಎಲ್ಲರೂ ನಕ್ಕರು. ನನ್ನ ತಂಡದವರೂ ನಕ್ಕರು — ಹಲ್ಲು ಮಾತ್ರ ಕಾಣುವ ನಗು. ನಿನಗೆ ಅವನು ಮಾತು ಕೊಟ್ಟ: ತಿಂಗಳ ಕೊನೆಯೊಳಗೆ ಒಂದು ಸರ್ವರಿನ ಮೇಲೆ ಇದನ್ನು ನಡೆಸಿ ತೋರಿಸಿದರೆ ಕೆಲಸ ಕಾಯಂ. ಇಲ್ಲವಾದರೆ ಗುತ್ತಿಗೆ ಮುಂದುವರಿಯುವುದಿಲ್ಲ. ನಿನ್ನ ಮುಖ ಹೊಳೆಯಿತು. ನಿನ್ನ ಗಂಡನ ಅಂಗಡಿ ಆಗಲೇ ಮುಚ್ಚಿತ್ತೆಂದು ನನಗೆ ಮಾತ್ರ ಗೊತ್ತಿತ್ತು.

ಆ ಡಬ್ಬಿಗಳನ್ನು ಹೊರಗಿನಿಂದ ತರಿಸಿಕೊಳ್ಳಬೇಕು. ಬ್ಯಾಂಕಿನ ಜಾಲದಿಂದ ಯಾವುದೂ ನೇರ ಹೊರಗೆ ಹೋಗುವಂತಿಲ್ಲ. ನಡುವೆ ಪ್ರಾಕ್ಸಿ ಎಂಬುದಿರುತ್ತದೆ — ನಮ್ಮ ಸೊಸೈಟಿಯ ಗೇಟಿನ ವಾಚ್‌ಮನ್ ಹಾಗೆ, ಹೋಗುವುದನ್ನೂ ಬರುವುದನ್ನೂ ತಡೆದು ನೋಡಿ ಬಿಡುವಂಥದ್ದು. ಕಂಟೇನರ್ ತಂತ್ರಾಂಶಕ್ಕೆ ಈ ಪ್ರಾಕ್ಸಿಯ ವಿಳಾಸ ಹೇಳಿಕೊಡಬೇಕು. ಕೆಲಸಕ್ಕೆ ಸೇರಿದವರಿಗೆ ಕೊಡುವ ಮಾಹಿತಿಯಲ್ಲಿ ಒಂದು ವಿಳಾಸವಿತ್ತು. ನೀನು ಅದನ್ನೇ ಹಾಕಿದ್ದೆ. ಯಾರಾದರೂ ಅದನ್ನೇ ಹಾಕುತ್ತಿದ್ದರು.

ಆದರೆ ಆ ಪ್ರಾಕ್ಸಿ ಇದ್ದದ್ದು ಜನರಿಗೆ — ನಮ್ಮ ಮೇಜಿನ ಕಂಪ್ಯೂಟರುಗಳಿಗೆ. ಸಣ್ಣಪುಟ್ಟದ್ದನ್ನು ಬಿಡುತ್ತಿತ್ತು, ದೊಡ್ಡದೇನಾದರೂ ಬಂದರೆ ಅರ್ಧದಲ್ಲಿ ಕಡಿದುಹಾಕುತ್ತಿತ್ತು. ಸರ್ವರ್ ಯಂತ್ರಗಳಿಗೆ ಬೇರೆಯೇ ಒಂದು ಪ್ರಾಕ್ಸಿ ಇತ್ತು. ಅದರ ವಿಳಾಸವನ್ನು ಎಲ್ಲೂ ಬರೆದಿರಲಿಲ್ಲ. ಆ ಆಫೀಸಿನಲ್ಲಿ ಕೆಲಸಕ್ಕೆ ಬರುವ ಮಾತುಗಳೆಲ್ಲ ಬಾಯಿಂದ ಬಾಯಿಗೇ ಹೋಗುತ್ತಿದ್ದವು, ಬರೆದಿಟ್ಟದ್ದೆಲ್ಲ ತೋರಿಕೆಗೆ. ನೆಟ್‌ವರ್ಕ್ ವಿಭಾಗದ ಸಾವಂತ್ ಎಂಬ ಒಳ್ಳೆಯ ಮನುಷ್ಯ, ಬಹಳ ಹಿಂದೆ, ನಾನೂ ಹೀಗೆಯೇ ಒದ್ದಾಡುತ್ತಿದ್ದಾಗ ಕಟಿಂಗ್ ಚಹಾ ಕುಡಿಯುತ್ತ ನನಗೆ ಹೇಳಿದ್ದ: "ಸರ್ವರ್ ಕೇ ಲಿಯೇ ವೋ ನಹೀ ಮ್ಯಾಡಮ್, ಯೇ ಡಾಲಿಯೇ." ಸರ್ವರಿಗೆ ಅದಲ್ಲ, ಇದನ್ನು ಹಾಕಿ ಎಂದು ಬೇರೆ ವಿಳಾಸ ಕೊಟ್ಟ; ನನ್ನಿಂದ ಏನನ್ನೂ ಬಯಸಿರಲಿಲ್ಲ. ಆಮೇಲೆ ಕೆಲಸ ಬಿಟ್ಟು ಹೋದ. ಆ ವಿಭಾಗದ ಹೊರಗಿನವರಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ ಇರಬೇಕು.

ಊಟವಾದ ಮೇಲಿನ ಹೊತ್ತು. ಎ.ಸಿ.ಯ ಚಳಿಗೆ ನೀನು ಶಾಲು ಹೊದ್ದುಕೊಂಡಿದ್ದೆ. ನನ್ನನ್ನು ಕರೆದೆ. ಪರದೆಯ ಮೇಲೆ ಡೌನ್‌ಲೋಡಿನ ಗೆರೆ ಅರ್ಧದವರೆಗೆ ಬೆಳೆದು, ನಿಂತು, ಮತ್ತೆ ಸೊನ್ನೆಗೆ ಬೀಳುತ್ತಿತ್ತು.

"ಅಕ್ಕಾ, ಸಣ್ಣವು ಬರ್ತಾವ್ರೀ. ದೊಡ್ಡವು ಅರ್ಧಾ ಬಂದು ಕಡೀತಾವ. ಎಲ್ಲಾ ಮಾಡಿ ನೋಡೀನಿ. ನನಗ ಈ ಪ್ರಾಕ್ಸಿ ವಿಳಾಸದ ಮ್ಯಾಲಽ ಸಂಶೇ. ನೀವು ಹಳಬ್ರು — ವಿಳಾಸ ಇದಽ ಹೌದಲ್ರೀ?"

ನೀನು ಸರಿಯಾದ ಜಾಗದಲ್ಲೇ ಬೆರಳಿಟ್ಟಿದ್ದೆ, ಮಹಾದೇವಿ. ಇದನ್ನು ನೀನು ನಂಬಬೇಕು. ಬಂದು ಕೆಲವೇ ವಾರಗಳಾಗಿದ್ದ ನೀನು, ಯಾರೂ ಹೇಳಿಕೊಡದೆ, ಬರಿಯ ನಿನ್ನ ತಲೆಯಿಂದ ಅಲ್ಲಿಗೆ ಬಂದು ಮುಟ್ಟಿದ್ದೆ. ನಾನು ಅಲ್ಲಿಗೆ ಬಂದದ್ದು ಸಾವಂತ್ ಹೇಳಿದ್ದಕ್ಕೆ.

"ಹೌದು, ಇದೇ," ಎಂದೆ. "ಅದರ ತಲೆಬಿಸಿ ಬಿಡು ಮಾರಾಯ್ತಿ. ಬೇರೆ ಕಡೆ ನೋಡು."

ಇಷ್ಟೇ. ನೀನು ಬೆರಳು ತೆಗೆದೆ.

ಯಾಕೆ ಹೇಳಿದೆ? ಹೆದರಿಕೆಯಿಂದ ಎಂದರೆ ಅರ್ಧ ನಿಜ. ನಿನ್ನ ಡಬ್ಬಿ ನಡೆದರೆ ನಮ್ಮ ಕೆಲಸ ಹೋಗುತ್ತಿತ್ತು, ನಲವತ್ತು ದಾಟಿದ ನನ್ನನ್ನು ಹೊರಗೆ ಯಾರೂ ಕರೆಯುತ್ತಿರಲಿಲ್ಲ — ಅದೆಲ್ಲ ಸರಿ. ಇನ್ನರ್ಧ ಹೊಟ್ಟೆಕಿಚ್ಚು. ಗೌಂಡಿಯ ಮಗಳು, ಮುನಿಸಿಪಾಲಿಟಿ ಶಾಲೆಯವಳು, ಮೀಟಿಂಗಿನಲ್ಲಿ ಹರಕು ಇಂಗ್ಲಿಷಿನಲ್ಲಿ ಮಾತಾಡಿದರೂ ಎಲ್ಲರೂ ಕಿವಿಗೊಡುತ್ತಾರಲ್ಲ ಎಂಬ ಉರಿ. ನಿನ್ನನ್ನು ತಂಗಿ ಎಂದುಕೊಂಡದ್ದೂ ನಿಜವೇ. ನನ್ನ ಕೆಳಗಿರುವವರೆಗೆ ಮಾತ್ರ ತಂಗಿ — ಈಗ ಹೀಗೆ ಬರೆದು ನೋಡಿದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಆಗ ಆಗಲಿಲ್ಲ.

ಕೆಟ್ಟುಹೋದದ್ದನ್ನು ಸರಿಮಾಡಲು ಕುಳಿತವರಿಗೆ ಒಂದು ಅಭ್ಯಾಸವಿರುತ್ತದೆ. ಹಳಬರು ನೋಡಿ ಸರಿ ಎಂದ ಜಾಗಕ್ಕೆ ಮತ್ತೆ ಕೈಹಾಕುವುದಿಲ್ಲ. ನೀನು ಆ ಒಂದು ಸಾಲನ್ನು ಬಿಟ್ಟು ಉಳಿದದ್ದನ್ನೆಲ್ಲ ಬಿಚ್ಚಿ ನೋಡಿದೆ. ಸಂಪರ್ಕದ ಭದ್ರತಾ ಪ್ರಮಾಣಪತ್ರ ಬದಲಾಯಿಸಿದೆ. ತಂತ್ರಾಂಶದ ಹಳೆಯ ಆವೃತ್ತಿ ಹಾಕಿದೆ, ಹೊಸದು ಹಾಕಿದೆ. ಯಂತ್ರವನ್ನೇ ಅಳಿಸಿ ಮೊದಲಿಂದ ಕಟ್ಟಿದೆ. ನಾನು ಪಕ್ಕದಲ್ಲಿ ಕುಳಿತಿದ್ದೆ. ಕುಳಿತಿದ್ದೆ ಮಾತ್ರವಲ್ಲ, "ಇದನ್ನೊಮ್ಮೆ ನೋಡುವಾ" ಎಂದು ಬೇಡದ ದಾರಿಗಳನ್ನೂ ತೋರಿಸಿದೆ. ನೀನು ದಣಿದಾಗ ನೀರುದೋಸೆ ತಂದುಕೊಟ್ಟೆ. ಎಲ್ಲರೂ ಅಂದರು, ಸುಜಾತಾ ಆ ಹುಡುಗಿಗೆ ಎಷ್ಟು ಮಾಡುತ್ತಾಳೆ ಎಂದು.

ಕೊನೆಗೆ ನೀನು ನೆಟ್‌ವರ್ಕ್ ವಿಭಾಗಕ್ಕೆ ಟಿಕೆಟ್ ಹಾಕಿದೆ. ನಮ್ಮಲ್ಲಿ ಏನೇ ತೊಂದರೆಯಾದರೂ ಟಿಕೆಟ್ ಎಂಬ ದೂರು ಹಾಕಬೇಕು, ಸಂಬಂಧಪಟ್ಟವರು ಅದನ್ನು ಮುಚ್ಚಬೇಕು; ಸಮಸ್ಯೆ ಮುಗಿಯದಿದ್ದರೂ ಟಿಕೆಟ್ ಮುಗಿದರೆ ಎಲ್ಲರಿಗೂ ಸಮಾಧಾನ. ಪ್ರಾಮಾಣಿಕಳಾದ ನೀನು ಅದರಲ್ಲಿ ಬರೆದೆ: ಪ್ರಾಕ್ಸಿಯ ವಿಳಾಸವನ್ನು ಸುಜಾತಾ ಮೇಡಂ ಖುದ್ದಾಗಿ ನೋಡಿ ಸರಿ ಎಂದಿದ್ದಾರೆ. ನನ್ನ ಹೆಸರು ಅಲ್ಲಿ ಹಳೆಯದು. ಅದನ್ನು ನೋಡಿದ ಮೇಲೆ ವಿಳಾಸದ ಮಾತನ್ನು ಅವರೂ ಎತ್ತಲಿಲ್ಲ. ನಿಮ್ಮ ಕಡೆಯ ತೊಂದರೆ ಎಂದು ಬರೆದು ಮುಚ್ಚಿದರು. ನೀನು ಮತ್ತೆ ತೆರೆದೆ. ಅವರು ಮತ್ತೆ ಮುಚ್ಚಿದರು. ಸರಿಯಾದ ವಿಳಾಸ ಅಲ್ಲಿ ಗೊತ್ತಿದ್ದ ಒಂದಿಬ್ಬರ ಬಾಯಿಯನ್ನೂ ನನ್ನ ಹೆಸರೇ ಮುಚ್ಚಿಸಿತು.

ಹೇಳಬಹುದಿತ್ತು. ದಿನಾ ಹೇಳಬಹುದಿತ್ತು. ಸಂಜೆ ಕಾಂಜೂರ್‌ಮಾರ್ಗ್ ಸ್ಟೇಷನ್ನಿನಲ್ಲಿ ಲೋಕಲಿಗೆ ಕಾಯುವಾಗ, ನಾಳೆ ಹೋದವಳೇ ಹೇಳಿಬಿಡುತ್ತೇನೆ, "ಅಯ್ಯೋ ಈಗ ನೆನಪಾಯಿತು ನೋಡು" ಎಂದರಾಯಿತು, ಯಾರಿಗೂ ಅನುಮಾನ ಬಾರದು — ಹೀಗೆ ಮಾತನ್ನೂ ಜೋಡಿಸಿಟ್ಟುಕೊಳ್ಳುತ್ತಿದ್ದೆ. ಮುಲುಂಡಿನಲ್ಲಿ ಇಳಿದು ತರಕಾರಿ ಕೊಳ್ಳುವಷ್ಟರಲ್ಲಿ ಮನಸ್ಸು ಹಗುರಾಗಿರುತ್ತಿತ್ತು, ಹೇಳಿಯೇ ಬಿಟ್ಟವಳ ಹಾಗೆ. ಮರುದಿನ ನಿನ್ನ ಮುಖ ನೋಡಿದರೆ ಬೇರೆ ಮಾತು ತೆಗೆಯುತ್ತಿದ್ದೆ.

ತಿಂಗಳ ಕೊನೆಯ ಮೀಟಿಂಗಿನಲ್ಲಿ ಮೆಹ್ತಾ ನಿನ್ನನ್ನು ಕೇಳಲೇ ಇಲ್ಲ. ನೀವು ನೋಡಿದ್ದಿರಲ್ಲ ಎಂದು ನನ್ನ ಕಡೆ ತಿರುಗಿದ. "ಸುಜಾತಾ ಜೀ, ಆಪ್ ನೇ ದೇಖಾ ಥಾ ನಾ?"

"ದೇಖಾ ಥಾ. ಸೆಟ್ಟಿಂಗ್ ತೋ ಸಹೀ ಹೈ," ಎಂದೆ ನಾನು.

ಸೆಟ್ಟಿಂಗ್ ಸರಿ ಇದ್ದರೆ ಸರಿಯಿಲ್ಲದ್ದು ನೀನೇ ತಾನೆ? ನಾನು ಅಷ್ಟು ಬಿಡಿಸಿ ಹೇಳಬೇಕಾಗಿರಲಿಲ್ಲ. ನೀನು "ಸಾರಿ ಸರ್" ಎಂದೆ. ಆ ಕೋಣೆಯಲ್ಲಿ ಕ್ಷಮೆ ಕೇಳಿದವಳು ನೀನೊಬ್ಬಳೇ.

ಗುತ್ತಿಗೆ ಮುಗಿದು ಹೊರಡುವಾಗ ಡಬ್ಬಿ, ಶಾಲು ಚೀಲಕ್ಕೆ ತುರುಕಿಕೊಂಡು ನನ್ನ ಹತ್ತಿರ ಬಂದೆ. "ನನಗ ಇದು ಬಗೀಹರೀಲಿಲ್ರೀ ಅಕ್ಕಾ. ನನ್ನ ತಲೀಗೆ ನಿಲುಕೂದಲ್ಲ ಇದು. ಸುಮ್ನ ಆಸೆ ಮಾಡ್ದೆ." ನಾನು ನಿನ್ನ ಬೆನ್ನು ಸವರಿದೆ. ಸವರಿದ ಕೈಯನ್ನು ಆಮೇಲೆ ಎಷ್ಟು ಸಲ ನೋಡಿಕೊಂಡಿದ್ದೇನೋ.

ಇದರ ಮುಂದಿನದು ನಿನಗೆ ಗೊತ್ತಿಲ್ಲ. ಆ ಕೆಲಸವನ್ನು ಮೆಹ್ತಾ ನನಗೇ ವಹಿಸಿದ. ಕಂಟೇನರ್ ಬರುವುದು ಇನ್ನು ತಪ್ಪುವುದಿಲ್ಲ, ಅದನ್ನು ನಡೆಸುವವರು ಉಳಿಯುತ್ತಾರೆ, ಉಳಿದವರು ಹೋಗುತ್ತಾರೆ ಎಂದು ಅಷ್ಟರಲ್ಲಿ ನನಗೆ ಚೆನ್ನಾಗಿ ತಿಳಿದಿತ್ತು. ಎರಡು ದಿನ ಒದ್ದಾಡುವ ನಾಟಕ ಮಾಡಿದೆ. ಆಮೇಲೆ ನೀನು ಕಟ್ಟಿಟ್ಟಿದ್ದ ಯಂತ್ರವನ್ನೇ ತೆರೆದು ಆ ಒಂದು ವಿಳಾಸವನ್ನು ಬದಲಾಯಿಸಿದೆ. ಬೇರೇನನ್ನೂ ಮುಟ್ಟಲಿಲ್ಲ — ಮುಟ್ಟಬೇಕಾದದ್ದು ಏನೂ ಇರಲಿಲ್ಲ, ನೀನು ಎಲ್ಲವನ್ನೂ ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದೆ. ಗೆರೆ ಅರ್ಧಕ್ಕೆ ಬಂದು, ನಿಲ್ಲದೆ, ಕೊನೆ ಮುಟ್ಟಿತು. ಮೆಹ್ತಾ ಕೇಕ್ ತರಿಸಿದ. ಅನುಭವ ಅಂದರೆ ಇದು ಎಂದ. ನನಗೇನನ್ನಿಸಿತು ಎಂದು ಕೇಳಿದರೆ, ಸುಳ್ಳು ಹೇಳಲಾರೆ, ಖುಷಿಯಾಯಿತು. ಪಶ್ಚಾತ್ತಾಪ ಆ ದಿನ ಬರಲಿಲ್ಲ. ನನ್ನ ತಂಡದ ಉಳಿದವರನ್ನು ಒಬ್ಬೊಬ್ಬರನ್ನಾಗಿ ಕಳಿಸಿದಾಗಲೂ ಬರಲಿಲ್ಲ. ನಿನಗೆ ಸಿಗಬೇಕಾಗಿದ್ದ ಆ ಕುರ್ಚಿಯಲ್ಲಿ ನಾನು ಇಂದಿಗೂ ಕುಳಿತಿದ್ದೇನೆ.

ಎಷ್ಟೋ ವರ್ಷಗಳ ಮೇಲೆ, ಈ ಸಲದ ಬೇಸಿಗೆಯಲ್ಲಿ ನಮ್ಮ ನೆಂಟರ ಗೃಹಪ್ರವೇಶಕ್ಕೆಂದು ಬೊರಿವಲಿಗೆ ಬಂದಿದ್ದೆ. ಸ್ಟೇಷನ್ನಿನ ಸೇತುವೆಯ ಮೇಲೆ ನೀನು ಹಿಂದಿನಿಂದ "ಸುಜಾತಕ್ಕಾ!" ಎಂದು ಕೂಗಿದೆ. ನೀನು ಮೊದಲ ದಿನದಂತೆಯೇ ಎರಡೂ ಕೈ ಹಿಡಿದುಕೊಂಡೆ, ಬಿಡದೆ ಮನೆಗೆ ಎಳೆದುಕೊಂಡು ಹೋದೆ. ಹಳೆಯ ಚಾಳ್ ಹೋಗಿ ಅಲ್ಲಿ ಬಿಲ್ಡಿಂಗ್ ಎದ್ದಿತ್ತು. ಅದರೊಳಗಿನ ಎರಡು ಕೋಣೆಯಲ್ಲಿ ನೀನು ರೊಟ್ಟಿ ಬಡಿದು ಮೆಸ್ಸುಗಳಿಗೆ ಕೊಡುತ್ತಿದ್ದೆ. ಕಂಪ್ಯೂಟರಿನ ಕೆಲಸಕ್ಕೆ ಮತ್ತೆಲ್ಲೂ ಅರ್ಜಿ ಹಾಕಲಿಲ್ಲವೇ ಎಂದು ನಾನು ಕೇಳಿದೆ. "ಛೇ, ಒಮ್ಮೆ ಆದದ್ದು ಸಾಕಾತ್ರೀ," ಎಂದು ನೀನು ನಕ್ಕೆ. ಆಮೇಲೆ ಒಳಗಿನವರಿಗೆಲ್ಲ ಕೇಳುವಂತೆ ಹೇಳಿದೆ: "ಅಲ್ಲಿ ನನ್ನ ಬಾಜೂ ಕೂತು ನೋಡ್ದಾಕಿ ಈ ಅಕ್ಕ ಒಬ್ಬಾಕೀನೇ." ನಾನು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತೆ.

ನಿನ್ನ ಮಗಳು ಪ್ರಿಯಾಂಕಾ ಗೋಡೆಗೆ ಒರಗಿ ನಿಂತಿದ್ದಳು. ಅಂದು ಫೋನಿನಲ್ಲಿ ಅಳುತ್ತಿದ್ದ ಕೂಸು, ಹನ್ನೆರಡನೆಯದು ಮುಗಿಸಿ ಆಳುದ್ದ ಬೆಳೆದಿದ್ದಾಳೆ. ನಾವು ಆಡುವುದೆಲ್ಲ ಅವಳಿಗೆ ತಿಳಿಯುತ್ತಿತ್ತು; ಉತ್ತರ ಮಾತ್ರ ಹಿಂದಿಯಲ್ಲಿ. ನೀನು ಅವಳ ಕಡೆ ಗದ್ದ ಎತ್ತಿ ತೋರಿಸಿ ಹೇಳಿದೆ:

"ಕಂಪ್ಯೂಟರ್ ಓದ್ತೀನಿ ಅಂತ ಹಟಾ ಹಿಡದಿದ್ಲರೀ. ಮಾರ್ಕ್ಸೂ ಬಂದಾವ. ನಾನಽ ಬ್ಯಾಡಂದೆ. ನನ್ನ ತಲೀನೇ ಅಕಿಗೂ ಬಂದಿರತದ, ನಾಕ್ ಮಂದಿ ಮುಂದ ತಲಿ ತಗ್ಗಿಸೂದು ಅಕಿಗೂ ಯಾಕ? ಬಿ.ಕಾಂ. ಮಾಡಲಿ ಅಂದೆ. ನೀವು ತಿಳದವ್ರು — ನಾ ಅಂದದ್ದು ಸರಿ ಹೌದಲ್ರೀ?"

ಪ್ರಿಯಾಂಕಾ ಗೋಡೆ ಬಿಟ್ಟು ನೆಟ್ಟಗೆ ನಿಂತಳು. ನನ್ನನ್ನೇ ನೋಡಿದಳು. ಕಂಪ್ಯೂಟರ್ ಆಫೀಸಿನ ಆಂಟಿ ಬಂದಿದ್ದಾಳೆ, ತನ್ನ ಪರವಾಗಿ ಒಂದು ಮಾತು ಹೇಳುತ್ತಾಳೆ — ಅಷ್ಟು ಆಸೆ ಆ ಕಣ್ಣಿನಲ್ಲಿ. ಅಲ್ಲ ಎಂದರೆ ಯಾಕೆ ಅಲ್ಲ ಎಂದು ಹೇಳಬೇಕಾಗುತ್ತಿತ್ತು. ನಿನ್ನ ತಲೆಯಲ್ಲಿ ಏನೂ ಕೊರತೆಯಿರಲಿಲ್ಲ ಎಂದರೆ, ಹಾಗಾದರೆ ಅಂದು ಆದದ್ದೇನು ಎಂದು ನೀನು ಕೇಳುತ್ತಿದ್ದೆ.

"ಹೌದು," ಎಂದೆ. "ಬಿ.ಕಾಂ. ಒಳ್ಳೆಯದೇ."

ಹುಡುಗಿ ನನ್ನ ಕೈಯಿಂದ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು. ನಾನು ಹೊರಡುವವರೆಗೆ ಹೊರಗೆ ಬರಲಿಲ್ಲ.

ನೀನು ರೊಟ್ಟಿ ಕಟ್ಟಿಕೊಟ್ಟೆ. ಮನೆಯಲ್ಲಿ ಎಲ್ಲರೂ ಹೊಗಳಿ ತಿಂದರು. ನಾನು ಮುಟ್ಟಲಿಲ್ಲ.

ಆಗ ಬರೆಯಬೇಕಿತ್ತು. ಆಗಲೂ ಬರೆಯಲಿಲ್ಲ, ನೋಡು. ಕಾಲೇಜಿನ ಸೇರ್ಪಡೆಗಳು ಮುಗಿದು, ಪ್ರಿಯಾಂಕಾ ಬಿ.ಕಾಂ.ಗೆ ಹೋಗತೊಡಗಿದ್ದಾಳೆ ಎಂದು ನಿನ್ನ ಮೆಸೇಜು ಬಂದ ಮೇಲೆ ಕುಳಿತಿದ್ದೇನೆ. ಕೆಲಸಕ್ಕೆ ಬಾರದ ಹೊತ್ತು ಆರಿಸಿಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದರಿಂದ ನಿನ್ನ ಕೆಲಸ ಮರಳುವುದಿಲ್ಲ. ನೀನು ನಿನ್ನ ಬಗ್ಗೆ ಇಷ್ಟು ವರ್ಷ ನಂಬಿಕೊಂಡು ಬಂದದ್ದು ಒಂದು ಕಾಗದದಿಂದ ಅಳಿಸಿಹೋಗುತ್ತದೆ ಎಂದೂ ನನಗೆ ಅನ್ನಿಸುವುದಿಲ್ಲ. ಅವಳ ಈ ವರ್ಷವಂತೂ ಹೋಯಿತು. ಮುಂದಿನ ವರ್ಷಕ್ಕೆ ಆ ಹಟ ಅವಳಲ್ಲಿ ಉಳಿದಿರುತ್ತದೋ ಇಲ್ಲವೋ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀ, ನಿನ್ನ ಸ್ವಭಾವ ನನಗೆ ಗೊತ್ತು. ಅದು ನನಗೆ ಬೇಡ.

ಭಾನುವಾರ ನಾನೇ ಬಂದು ಇದನ್ನು ನಿನ್ನ ಕೈಯಲ್ಲಿ ಕೊಡುತ್ತೇನೆ. ಬಾಗಿಲಲ್ಲೇ ನಿಂತು ಕೊಡುತ್ತೇನೆ, ಒಳಗೆ ಕರೆಯಬೇಡ. ಮೆಹ್ತಾನಿಗೂ ಬರೆದಿದ್ದೇನೆ, ಅವನು ಈಗ ಬೇರೆ ಊರಿನಲ್ಲಿದ್ದಾನೆ, ಉತ್ತರ ಬಂದಿಲ್ಲ, ಬರುವುದೂ ಇಲ್ಲ.

ಇದನ್ನು ಕೇಳಬೇಕಾದ ಇನ್ನೊಬ್ಬಳು ಪ್ರಿಯಾಂಕಾ. ಅವಳಿಗೆ ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ನೀನೇ ಓದಿ ಹೇಳಬೇಕು. ನಿನ್ನನ್ನು ನಾನು ಬಲ್ಲೆ — ನಿನ್ನನ್ನು ಹೊಗಳಿದ ಕಡೆಯೆಲ್ಲ ನಾಚಿಕೊಂಡು ಹಾರಿಸಿಬಿಡುತ್ತೀ. ಹಾರಿಸಬೇಡ. ಉಳಿದದ್ದೆಲ್ಲ ಬಿಟ್ಟರೂ ಇಷ್ಟನ್ನು, ನಿನ್ನದೇ ಬಾಯಿಂದ, ಅವಳಿಗೆ ಕೇಳುವ ಹಾಗೆ ಓದು: ನೀನು ನನ್ನನ್ನು ಎರಡು ಸಲ ಕೇಳಿದೆ, ಎರಡು ಸಲವೂ ನಾನು ಹೌದು ಎಂದೆ, ಎರಡು ಸಲವೂ ಅದು ಸುಳ್ಳು. ನಿನಗೆ ಆ ಕೆಲಸ ಬರುತ್ತಿತ್ತು.